ಪಲ್ಪರ್ ಮನೆ ಹಿಂದಿನ ತಿರುವು

ಗಾಳಿಯ ವಿಷಯದಲ್ಲಿ ನನ್ನ ಹತ್ತಿರ ವಾದಕ್ಕೆ ಬರಬಾರದು ಎಂಬುದು ನಮ್ಮ ಕಡೆಯ ನೆಂಟರಿಷ್ಟರಿಗೆಲ್ಲ ಗೊತ್ತು. ಅಡುಗೆಯ ವಿಷಯಕ್ಕೆ ಬನ್ನಿ, ಸೋಲು ಒಪ್ಪಿಕೊಳ್ಳುತ್ತೇನೆ. ನಾನು ಮಾಡಿದ ಸಾರನ್ನು ನಾನೇ ಎರಡನೇ ಸಲ ಬಡಿಸಿಕೊಳ್ಳುವುದಿಲ್ಲ. ಆದರೆ ಗಾಳಿ ಎಲ್ಲಿ ತಾಗುತ್ತದೆ, ತಾಗಿದ ಮೇಲೆ ಎತ್ತ ತಿರುಗುತ್ತದೆ, ಎಲ್ಲಿ ಸುಳಿಯಾಗುತ್ತದೆ ಎಂಬುದನ್ನು ನನ್ನಷ್ಟು ಬಲ್ಲವರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರನ್ನೂ ಜಾಲಾಡಿದರೂ ಸಿಗಲಿಕ್ಕಿಲ್ಲ. ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ. ಮದುವೆಗೆ ಮೊದಲು ಬಯಲುಸೀಮೆಯಲ್ಲಿ ಗಾಳಿಯಂತ್ರಗಳ ರೆಕ್ಕೆ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದೆ. ಮದುವೆಯಾಗಿ ಕೊಪ್ಪಕ್ಕೆ ಬಂದ ಮೇಲೆ ರೆಕ್ಕೆ ಬಿಟ್ಟು ದೋಟಿ ಹಿಡಿದೆ. ನೆಲದ ಮೇಲೆಯೇ ನಿಂತು ಅಡಿಕೆ ಗೊನೆ ಕೊಯ್ಯಲು, ಕೊಳೆರೋಗಕ್ಕೆ ಔಷಧಿ ಹೊಡೆಯಲು ಈಗ ಎಲ್ಲರೂ ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಕೊಳ್ಳುತ್ತಾರಲ್ಲ, ಅದನ್ನು ಮಾಡುವ ಮತ್ತು ಮುರಿದದ್ದನ್ನು ಜೋಡಿಸುವ ಶೆಡ್ಡು ನನ್ನದು.

ನನ್ನ ಅಕ್ಕನ ಗಂಡ, ಅಂದರೆ ಭಾವ, ನರಸಿಂಹರಾಜಪುರದಲ್ಲಿ ಗ್ಯಾರೇಜ್ ಇಟ್ಟಿದ್ದಾರೆ. ಪ್ರಾಯದಲ್ಲಿ ಜೀಪು ರ‍್ಯಾಲಿ ಓಡಿಸಿದ ಮನುಷ್ಯ. ಈಗ ಬೆನ್ನು ಕೇಳುವುದಿಲ್ಲ, ಹುಚ್ಚು ಮಾತ್ರ ಹಾಗೆಯೇ ಉಳಿದಿದೆ. ಬೈಕಿನ ಎಂಜಿನ್ ಕೂರಿಸಿ, ಮನೆಮಟ್ಟದಲ್ಲಿ ಕಟ್ಟಿದ ಒಂಟಿ ಸೀಟಿನ ಪುಟ್ಟ ಫಾರ್ಮುಲಾ ಕಾರುಗಳಿಗೇ ಒಂದು ಸ್ಪರ್ಧೆ ಇದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದೇ ತಡ, ಗ್ಯಾರೇಜಿನ ಹಿಂದೆ ಪೈಪು ಕತ್ತರಿಸಲು ಕೂತರು. ಕಾರಿನ ಮೂಳೆ ಅವರದು, ಮೈ ನನ್ನದು ಎಂದು ಒಪ್ಪಂದವಾಯಿತು. ಓಡಿಸುವವಳು ಅವರ ಮಗಳು. ಡಿಗ್ರಿ ಮುಗಿಸಿ ಅಪ್ಪನ ಗ್ಯಾರೇಜಿನಲ್ಲೇ ಕೆಲಸಕ್ಕೆ ನಿಂತವಳು, ಎಸ್ಟೇಟು ರಸ್ತೆಗಳಲ್ಲಿ ಜೀಪು ತಿರುಗಿಸುತ್ತಲೇ ಬೆಳೆದವಳು. ನಾನು ಅವಳಿಗೆ ಚಿಕ್ಕಿ. ಅವಳಿಗೆ ಆ ಸೀಟು ಎಂದರೆ ಜೀವ. ಚಿನ್ನದ ಸರ ಬೇಕಾ, ಸೀಟು ಬೇಕಾ ಎಂದು ಕೇಳಿದರೆ ಸರವನ್ನು ತಿರುಗಿಯೂ ನೋಡುವವಳಲ್ಲ.

ಕಳೆದ ವರ್ಷದ ಕಾರು ಚೆನ್ನಾಗಿಯೇ ಓಡಿತ್ತು. ಈ ವರ್ಷ ಸ್ಪರ್ಧೆಯವರು ನಿಯಮಗಳನ್ನೆಲ್ಲ ಬದಲಿಸಿದರು. ಮುಂದಿನ ರೆಕ್ಕೆ ಕಿರಿದಾಗಬೇಕು, ಹಿಂದಿನ ರೆಕ್ಕೆಯಲ್ಲಿ ಹಲಗೆ ಕಡಿಮೆಯಾಗಬೇಕು, ಕಾರಿನ ಹೊಟ್ಟೆ ಚಪ್ಪಟೆಯಾಗಿರಬೇಕು ಎಂದರು. ಬದಲಿಗೆ ಒಂದು ಸವಲತ್ತು ಕೊಟ್ಟರು. ನೇರ ದಾರಿಯಲ್ಲಿ ವೇಗ ಸಿಗಲೆಂದು ರೆಕ್ಕೆಯ ಹಿಂಭಾಗವನ್ನು ಮಲಗಿಸಿ, ತಿರುವು ಬಂದಾಗ ಎಬ್ಬಿಸಬಹುದು. ಓದಿ ಭಾವ ತಲೆ ಮೇಲೆ ಕೈ ಹೊತ್ತರು. ನನಗೆ ಖುಷಿಯೋ ಖುಷಿ! ವರ್ಷವಿಡೀ ದೋಟಿಯ ಕೊಳವೆ ಸುತ್ತಿ ಸುತ್ತಿ ಬೇಸತ್ತ ಕೈಗೆ ಹೊಸದಾಗಿ ಗೀಚಲು ಒಂದು ನೆಪ ಸಿಕ್ಕಿತ್ತು.

ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ವಿಮಾನದ ರೆಕ್ಕೆ ವಿಮಾನವನ್ನು ಮೇಲಕ್ಕೆತ್ತುತ್ತದೆ. ನಾವು ಅದನ್ನೇ ತಲೆಕೆಳಗು ಮಾಡಿ ಕಾರಿಗೆ ಕಟ್ಟುತ್ತೇವೆ, ಅದು ಕಾರನ್ನು ಕೆಳಕ್ಕೆ ಒತ್ತುತ್ತದೆ. ಒತ್ತಿದಷ್ಟೂ ಟೈರು ನೆಲ ಕಚ್ಚುತ್ತದೆ, ಕಚ್ಚಿದಷ್ಟೂ ತಿರುವಿನಲ್ಲಿ ಜೋರಾಗಿ ಹೋಗಬಹುದು. ರೆಕ್ಕೆಗಿಂತ ದೊಡ್ಡ ಕೆಲಸ ಮಾಡುವುದು ಕಾರಿನ ಹೊಟ್ಟೆ. ಹೊಟ್ಟೆಯ ಕೆಳಗೆ ಗಾಳಿ ಸರಾಗವಾಗಿ ನುಗ್ಗಿ ಹೋದರೆ ಅದೇ ಕಾರನ್ನು ನೆಲಕ್ಕೆ ಎಳೆದು ಹಿಡಿಯುತ್ತದೆ. ಹೊಸ ಕಾರಿಗೆ ನಾನು ಮೂತಿ ಸಪೂರ ಮಾಡಿದೆ, ಸ್ವಲ್ಪ ಎತ್ತರಿಸಿದೆ, ಗಾಳಿಗೆ ಹೊಟ್ಟೆಯ ಕೆಳಗೆ ಹೋಗಲು ಅಗಲವಾದ ಬಾಗಿಲು ಬಿಟ್ಟೆ. ಹಿಂದಿನ ರೆಕ್ಕೆ ಮಲಗಿ ಏಳುವುದಕ್ಕೆ ಭಾವ ಸ್ಟೀರಿಂಗಿನಿಂದ ಒಂದು ಕೇಬಲ್ ಎಳೆದರು. ಶೆಡ್ಡಿನಿಂದ ಹೊರಗೆ ತಂದಾಗ ಕರ್ರಗೆ ಮಿರಮಿರ ಮಿಂಚುತ್ತಿತ್ತು. ದೋಟಿ ರಿಪೇರಿಗೆ ಬಂದವರೆಲ್ಲ ತಂದ ಕೆಲಸ ಮರೆತು ಅದರ ಸುತ್ತ ತಿರುಗಿದರು.

ಓಡಿಸಿ ನೋಡಲು ನಮ್ಮ ಕಡೆ ಟ್ರ್ಯಾಕ್ ಎಲ್ಲಿಂದ ಬರಬೇಕು? ಮೇಗುಂದದ ಹತ್ತಿರ ಭಾವನ ಪರಿಚಯದವರ ಹಳೇ ಕಾಫಿ ಎಸ್ಟೇಟಿದೆ. ಕಾಫಿ ಒಣಗಿಸುವ ಸಿಮೆಂಟ್ ಕಣಗಳು ಒಂದಕ್ಕೊಂದು ತಾಗಿಕೊಂಡು ವಿಶಾಲವಾಗಿವೆ, ಸುತ್ತ ಕಾಂಕ್ರೀಟ್ ರಸ್ತೆ. ಕಾಫಿ ಮಾರಾಟವಾಗಿ ಹೋದ ಮೇಲೆ, ಮಳೆ ಹಿಡಿಯುವ ಮೊದಲು ಕಣ ಖಾಲಿ ಇರುತ್ತದೆ. ಕಣದ ಒಂದು ತುದಿಯಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ ಕಟ್ಟಡ. ಪಲ್ಪರ್ ಮನೆ ಅನ್ನುತ್ತಾರೆ. ಅದರ ಹಿಂದೆ ರಸ್ತೆ ಉದ್ದಕ್ಕೆ, ನಿಧಾನವಾಗಿ ಎಡಕ್ಕೆ ತಿರುಗುತ್ತದೆ. ನಾವು ನಿಲ್ಲುವ ಜಾಗದಿಂದ ಆ ತಿರುವು ಕಾಣುವುದಿಲ್ಲ. ಎಂಜಿನ್ ಸದ್ದು ಮಾತ್ರ ಕೇಳುತ್ತದೆ.

ರಗಳೆ ಹುಟ್ಟಿದ್ದೇ ಅಲ್ಲಿ. ಪ್ರತಿ ಸುತ್ತಿನಲ್ಲೂ ಪಲ್ಪರ್ ಮನೆಯ ಹಿಂದೆ ಹೋದ ಕೂಡಲೇ ಸದ್ದು ಕುಸಿಯುತ್ತಿತ್ತು. ಅಂದರೆ ಹುಡುಗಿ ಆಕ್ಸಿಲರೇಟರಿನಿಂದ ಕಾಲು ಎತ್ತುತ್ತಿದ್ದಳು.

"ಎಂತಕ್ಕೆ ಕಾಲೆತ್ತಿದೆ?" ಭಾವ ಪ್ರತಿ ಸಲ ಕೇಳುತ್ತಿದ್ದರು.

"ಹಿಂದೆ ಹಗುರ ಆಗ್ತದೆ ಅಪ್ಪಯ್ಯ. ತಿರುವಿನ ಮಧ್ಯ ಬಂದಾಗ ಕಾರಿನ ಹಿಂಭಾಗ ಜಾರ್ಕೊಂಡು ಹೋಗ್ತದೆ."

"ಕಾರಿಗೆ ಎಂತದೂ ಆಗಿಲ್ಲ. ನಿಂಗೆ ಹೆದರಿಕೆ."

"ಹೆದರಿಕೆ ಇಲ್ಲ ನಂಗೆ. ಕಾರು ಸರಿ ಇಲ್ಲ."

ಹೆದರಿಕೆ ಎಂಬ ಮಾತು ಬಂದರೆ ಸಾಕು, ಅವಳ ಮುಖ ಕೆಂಪಗಾಗುತ್ತಿತ್ತು. ಭಾವನಿಗೆ ಹಟ, ಮಗಳಿಗೆ ಅದಕ್ಕಿಂತ ಹೆಚ್ಚು ಹಟ. ಒಂದು ದಿನ ಭಾವ ನೇರವಾಗಿ ಹೇಳಿಯೇಬಿಟ್ಟರು. ಚಿಕ್ಕಮಗಳೂರಿನ ಕಡೆಯ ಒಬ್ಬ ಹುಡುಗ ಇದ್ದಾನೆ, ಚೆನ್ನಾಗಿ ಓಡಿಸುತ್ತಾನೆ, ಈ ತಿರುವು ಸರಿಹೋಗದಿದ್ದರೆ ಭಾನುವಾರ ಅವನನ್ನು ಕರೆಸುತ್ತೇನೆ, ಸೀಟು ಅವನಿಗೆ ಎಂದರು. ಹುಡುಗಿ ಕೈಗವಸು ಕಿತ್ತು ಕಾರಿನೊಳಗೆ ಎಸೆದು, ಹೋಗಿ ಕಣದ ಕಟ್ಟೆ ಮೇಲೆ ಕೂತಳು. ನಾನು ಎತ್ತಿ ಆಡಿಸಿದ ಕೂಸು ಅದು.

"ಭಾವ, ಗಾಳಿ ಎತ್ತ ಹೋಗ್ತಿದೆ ಅಂತ ನಾನು ಕಣ್ಣಿಗೆ ಕಾಣೋ ಹಾಗೆ ತೋರಿಸ್ತೀನಿ. ಆಮೇಲೆ ತೀರ್ಮಾನ ಮಾಡಿ," ಎಂದೆ.

"ತೋರಿಸು ಮಾರಾಯ್ತಿ. ನಿನ್ನ ಗಾಳಿ ಎಂತ ಹೇಳ್ತದೋ ಅದೇ ಕೊನೆ ಮಾತು," ಎಂದರು. ಅವರ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು.

ಗಾಳಿಯನ್ನು ಕಾಣಿಸುವ ಉಪಾಯ ದೊಡ್ಡ ದೊಡ್ಡ ತಂಡದವರೂ ಮಾಡುವಂಥದ್ದೇ. ಕಾರಿನ ಮೈಗೆ ಒದ್ದೆ ಬಣ್ಣ ಬಳಿದು ಜೋರಾಗಿ ಓಡಿಸಿದರೆ ಗಾಳಿ ಆ ಬಣ್ಣವನ್ನು ಎಳೆದುಕೊಂಡು ಹೋಗುತ್ತದೆ. ಒಣಗಿದ ಮೇಲೆ ಗಾಳಿಯ ದಾರಿ ಗೆರೆ ಗೆರೆಯಾಗಿ ಉಳಿಯುತ್ತದೆ. ಬಣ್ಣ ಹುಡುಕುತ್ತ ನಾನೆಲ್ಲಿ ಹೋಗಲಿ? ಮನೆಯಲ್ಲೇ ಅಡಿಕೆಗೆ ಹೊಡೆಯುವ ಬೋರ್ಡೋ ಇತ್ತು. ಮೈಲುತುತ್ತದ ನೀರಿಗೆ ಸುಣ್ಣ ಸೇರಿಸಿದರೆ ಆಕಾಶದಂಥ ನೀಲಿ. ಕಪ್ಪು ಕಾರ್ಬನ್ ಮೇಲೆ ಎದ್ದು ಕಾಣುತ್ತದೆ. ಶೆಡ್ಡಿನಲ್ಲಿ ಒಂದು ಲೋಟದಷ್ಟು ಕಲಸಿ, ಹಲಗೆಗೆ ಬಳಿದು, ಬ್ಲೋವರ್ ಹಿಡಿದು ನೋಡಿದೆ. ಏನು ಚಂದದ ಗೆರೆ ಬಿತ್ತು ಅಂತೀರಿ! ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಾರಿಗೆ ಒಂದು ಬಕೆಟ್ಟಾದರೂ ಬೇಕಿತ್ತು. ನಮ್ಮನೆಯವರಿಗೆ ಫೋನ್ ಮಾಡಿ, "ಒಂದು ಬಕೆಟ್ ಔಷಧಿ ಮಾಡಿಡಿ," ಎಂದೆ. ಅವರು ಪ್ರತಿ ವರ್ಷ ತೋಟಕ್ಕೆ ಮಾಡುವವರು. ಮಾಡಿ, ಸೋಸಿ, ಮುಚ್ಚಳ ಬಿಗಿದು, ಜೀಪಿನಲ್ಲಿ ತಂದು ಕಣದ ಪಕ್ಕ ಇಟ್ಟು ಹೋದರು. ನಾನು ಬ್ರಷ್ ಹಿಡಿದು ಮೂತಿಯಿಂದ ಬಾಲದವರೆಗೆ ಬಳಿದೆ. ಹುಡುಗಿ ಒಂದು ಸುತ್ತು ಹೋದಳು. ಪಲ್ಪರ್ ಮನೆಯ ಹಿಂದೆ ಎಂದಿನಂತೆ ಸದ್ದು ಕುಸಿಯಿತು. ಕಾರು ಬಂದು ನಿಂತಿತು. ನಾವೆಲ್ಲ ಬಗ್ಗಿ ನೋಡಿದೆವು.

ಒಂದು ಗೆರೆಯೂ ಇರಲಿಲ್ಲ. ಎಲ್ಲಿ ಬಳಿದಿದ್ದೆನೋ ಅಲ್ಲಿಯೇ, ಬಳಿದ ಹಾಗೆಯೇ, ನುಣ್ಣಗೆ, ಸಮವಾಗಿ ಕೂತಿತ್ತು ನೀಲಿ.

"ನೋಡು! ಒಂದೇ ಸಮ ಇದೆ," ಭಾವ ಕೈ ತಟ್ಟಿದರು. "ಎಲ್ಲೂ ಸುಳಿ ಇಲ್ಲ, ಎಂತದೂ ಇಲ್ಲ. ನಿನ್ನ ಕಾರು ಲಾಯಕ್ಕಾಗಿದೆ ಮಾರಾಯ್ತಿ."

"ತಡೀರಿ ಭಾವ. ಗೆರೆ ಬೀಳದೆ ಇರೋದು ಹೆಂಗೆ? ಎಲ್ಲೋ ಏನೋ ಎಡವಟ್ಟಾಗಿದೆ."

"ಎಡವಟ್ಟೂ ಇಲ್ಲ, ಗಿಡವಟ್ಟೂ ಇಲ್ಲ. ಗಾಳಿ ಹೇಳಿದ್ದೇ ಕೊನೆ ಮಾತು ಅಂತ ಆಗಿತ್ತಲ್ಲ?" ಎನ್ನುತ್ತಲೇ ಫೋನು ತೆಗೆದು ಚಿಕ್ಕಮಗಳೂರಿನ ಹುಡುಗನಿಗೆ ಭಾನುವಾರ ಬಾ ಎಂದು ಹೇಳಿಬಿಟ್ಟರು. ಅದೂ ಮಗಳ ಎದುರಿಗೇ. ಹುಡುಗಿ ನನ್ನ ಮುಖ ನೋಡಿದಳು. ನಾನು ಮತ್ತೆ ಬಗ್ಗಿ ಆ ನೀಲಿಯನ್ನೇ ನೋಡಿದೆ. ಅವಳು ಬೈಕ್ ಹತ್ತಿ ಹೊರಟುಹೋದಳು. ಎಲ್ಲಿಗೆ ಎಂದು ಯಾರಿಗೂ ಹೇಳಲಿಲ್ಲ.

ಕಾರು ತೊಳೆದೇ ಹೋಗಬೇಕು, ಕಣದ ಮೇಲೆ ಒಂದು ತೊಟ್ಟು ಮೈಲುತುತ್ತ ಉಳಿಯಬಾರದು ಎಂದು ಎಸ್ಟೇಟಿನವರು ಮೊದಲೇ ಕಟ್ಟುನಿಟ್ಟಾಗಿ ಹೇಳಿದ್ದರು. ಭಾವ ಹೋದ ಮೇಲೆ ಕಾರನ್ನು ಹುಲ್ಲಿನ ಮೇಲೆ ತಳ್ಳಿಸಿ ಪೈಪು ಬಿಟ್ಟೆ. ನೀರು ಹರಿದು ಹೋಯಿತು, ನೀಲಿ ಹೋಗಲಿಲ್ಲ. ತಿಕ್ಕಿದೆ, ಹೋಗಲಿಲ್ಲ. ಉಗುರಿನಲ್ಲಿ ಕೆರೆದೆ. ಬೆರಳು ಅಂಟು ಅಂಟಾಯಿತು. ಮೂಗಿನ ಹತ್ತಿರ ಹಿಡಿದೆ. ಅಯ್ಯೋ ನನ್ನ ಕರ್ಮವೇ, ರಾಳದ ವಾಸನೆ!

ಮಲೆನಾಡಿನಲ್ಲಿ ಔಷಧಿ ಹೊಡೆದ ಮರುಗಳಿಗೆಯೇ ಮಳೆ ಬರಬಹುದು. ಅದಕ್ಕೇ ಕೊನೆಯಲ್ಲಿ ರಾಳದ ಅಂಟು ಸೇರಿಸುತ್ತೇವೆ. ಶೆಡ್ಡಿನಲ್ಲಿ ಲೋಟಕ್ಕೆ ಕಲಸಿದಾಗ ನಾನು ಅದನ್ನು ಹಾಕಿರಲಿಲ್ಲ. ಒಮ್ಮೆ ಗೊನೆಗೆ ಅಂಟಿದರೆ ಜಡಿಮಳೆಗೂ ಜಗ್ಗಬಾರದು. ಜಡಿಮಳೆಗೆ ಜಗ್ಗದ್ದು ನನ್ನ ಗಾಳಿಗೆ ಎಲ್ಲಿಂದ ಜಗ್ಗಬೇಕು? ಬಳಿದಲ್ಲೇ ಕಚ್ಚಿಕೊಂಡು ಕೂತಿದೆ. ನಮ್ಮನೆಯವರಿಗೆ ಫೋನ್ ಮಾಡಿ, "ಅಂಟು ಎಂತಕ್ಕೆ ಹಾಕಿದ್ರಿ?" ಎಂದು ಕೂಗಾಡಿದೆ.

"ಔಷಧಿ ಮಾಡು ಅಂದೆ, ಮಾಡಿದೆ. ಅಂಟು ಹಾಕದೆ ಯಾರು ಔಷಧಿ ಮಾಡ್ತಾರೆ?" ಎಂದರು ತಣ್ಣಗೆ. "ಅಲ್ಲ, ಕಾರಿಗೂ ಕೊಳೆರೋಗ ಬಂದಿದೆ ಅಂತ ತಿಳ್ಕೊಂಡಿದ್ದೆ ನಾನು."

ಆ ಸಿಟ್ಟಿನಲ್ಲೂ ನಗು ಬಂತು. ಆಮೇಲೆ ಹುಡುಗಿಯ ಮುಖ ನೆನಪಾಗಿ ನಗು ಹಾಗೇ ಇಂಗಿಹೋಯಿತು. ಅಕ್ಕನನ್ನು ಕೇಳಿದೆ, ಮೆಣಸೆಗೆ ಹೋಗಿದ್ದಾಳೆ ಎಂದಳು. ಮೆಣಸೆ ನನ್ನ ತವರು, ಅವಳಿಗೆ ಅಜ್ಜನ ಮನೆ. ಮರುದಿನ ಬೆಳಿಗ್ಗೆಯೇ ಶೃಂಗೇರಿ ದಾಟಿ ಅಲ್ಲಿಗೆ ಹೋದೆ.

ಅಂಗಳದಲ್ಲಿ ಹಲಸಿನಕಾಯಿ ಹಪ್ಪಳದ ಕೆಲಸ ನಡೆದಿತ್ತು. ಹುಡುಗಿ ಉಂಡೆಗಳನ್ನು ಒತ್ತುತ್ತಿದ್ದಳು. ಒತ್ತುತ್ತಿದ್ದಳು ಎನ್ನುವುದಕ್ಕಿಂತ ಜಜ್ಜುತ್ತಿದ್ದಳು ಎನ್ನಬೇಕು. ನನ್ನ ಅಮ್ಮ ಪಕ್ಕದಲ್ಲಿ ಕೂತು, "ಮೆಲ್ಲಗೆ ಒತ್ತೇ, ಹಪ್ಪಳ ಎಂತ ಮಾಡಿದೆ ನಿಂಗೆ?" ಎನ್ನುತ್ತಿದ್ದರು.

ನಾನು ರಾಳದ ಕತೆ ಹೇಳಿದೆ. ನಿನ್ನೆಯ ಬಣ್ಣವನ್ನು ಲೆಕ್ಕಕ್ಕೇ ಹಿಡಿಯಬಾರದು, ಡೀಸೆಲ್ಲಿಗೆ ಗೋಡೆಗೆ ಹಾಕುವ ನೀಲಿಪುಡಿ ಕಲಸಿ ಹೊಸದಾಗಿ ನೋಡೋಣ, ನಿನ್ನ ಅಪ್ಪನನ್ನು ನಾನು ಒಪ್ಪಿಸುತ್ತೇನೆ ಎಂದೆ. ಅವಳು ಕೈ ನಿಲ್ಲಿಸಿದಳು.

"ಬಣ್ಣ ಹೇಳಿದ ಕೂಡಲೇ ಅಪ್ಪಯ್ಯ ನಂಬಿದ್ರು. ನಾನು ಎಷ್ಟು ದಿನದಿಂದ ಹೇಳ್ತಿದ್ದೀನಿ ಚಿಕ್ಕಿ, ನಂಬಿದ್ರಾ?"

"ಇಲ್ಲ."

"ನೀನು?"

ನಾನು ಬಣ್ಣ ಬಳಿದದ್ದೇ ಅವಳಿಗಾಗಿ ಎಂದು ಹೇಳಬಹುದಿತ್ತು. ಅದರ ಬದಲು "ಏಳು ಕೂಸೆ, ಹೋಗೋಣ. ಭಾನುವಾರ ನಾಳೆಯೇ," ಎಂದೆ. ಕೈ ತೊಳೆದುಕೊಂಡು ಎದ್ದಳು. ಅಮ್ಮ ಬಿಸಿಲಿಗೆ ಹರಡಿದ ಹಪ್ಪಳಗಳನ್ನು ನೋಡಿ, ಒಂದೂ ದುಂಡಗಿಲ್ಲ ಎಂದು ಗೊಣಗಿದರು.

ಮಧ್ಯಾಹ್ನ ನಾವಿಬ್ಬರೇ ಕಾರನ್ನು ಡೀಸೆಲ್ ಹಾಕಿ ಉಜ್ಜಿ ಉಜ್ಜಿ ತೊಳೆದು, ಹೊಸ ಬಣ್ಣ ಬಳಿದೆವು. ಅವಳು ಒಂದು ಸುತ್ತು ಹೋಗಿ ಬಂದಳು. ಈ ಸಲ ಗೆರೆಗಳು ಬಿದ್ದವು. ನಾನು ಕಾರಿನ ಪಕ್ಕ ಮಂಡಿಯೂರಿ ಕೂತು ನೋಡಿದೆ. ಮೂತಿಯ ಮೇಲೆ ತಲೆ ಬಾಚಿದ ಹಾಗೆ ನೇರವಾದ ಗೆರೆಗಳು. ಹಿಂದಿನ ರೆಕ್ಕೆಯ ಮೇಲೂ ಹಾಗೆಯೇ. ಮುಂದಿನ ಬಲಗಡೆ ಚಕ್ರದ ಹಿಂದೆ ಮಾತ್ರ ಗೆರೆಗಳು ಒಂದರ ಮೇಲೊಂದು ಹೊರಳಿ, ಗಂಟು ಗಂಟಾಗಿ, ಸೀದಾ ಕಾರಿನ ಹೊಟ್ಟೆಯ ಕೆಳಗೆ ನುಗ್ಗಿದ್ದವು.

ಒಂದೇ ನೋಟಕ್ಕೆ ಅರ್ಥವಾಯಿತು. ಕಳೆದ ವರ್ಷ ಮುಂದಿನ ರೆಕ್ಕೆ ಅಗಲವಿತ್ತು, ಅದರ ತುದಿ ಗಾಳಿಯನ್ನು ಚಕ್ರದ ಹೊರಗಡೆ ಎಸೆಯುತ್ತಿತ್ತು. ಈ ವರ್ಷ ರೆಕ್ಕೆ ಕಿರಿದು, ಚಕ್ರ ಗಾಳಿಗೆ ಬರಿಮೈ ಒಡ್ಡಿ ನಿಂತಿದೆ. ನೇರ ಹೋಗುವಾಗ ತೊಂದರೆಯಿಲ್ಲ. ಎಡಕ್ಕೆ ಉದ್ದ ತಿರುವಿನಲ್ಲಿ ಚಕ್ರ ಓರೆಯಾದಾಗ ಅದರ ಹಿಂದಿನ ಸುಳಿಗಾಳಿಯೆಲ್ಲ ನಾನು ಬಿಟ್ಟ ಅಗಲದ ಬಾಗಿಲಿನಿಂದ ಒಳಗೆ ಹೋಗುತ್ತದೆ. ಹೊಟ್ಟೆಯ ಕೆಳಗೆ ಗಾಳಿ ಕಲಕಿದರೆ ಕಾರನ್ನು ನೆಲಕ್ಕೆ ಹಿಡಿಯುವವರು ಯಾರು? ಹಿಂಭಾಗ ಹಗುರವಾಗದೆ ಇನ್ನೇನಾಗುತ್ತದೆ? ಹುಡುಗಿ ಮೊದಲ ದಿನದಿಂದ ಹೇಳಿದ್ದು ಅಕ್ಷರ ಅಕ್ಷರ ಸರಿಯಾಗಿತ್ತು.

ಭಾವನನ್ನು ಕರೆಸಿ ತೋರಿಸಿದೆ. ಅವರು ಕೈಕಟ್ಟಿ ನಿಂತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿನ್ನೆ ನಿನ್ನ ಬಣ್ಣ ಕಾರು ಸರಿ ಅಂತು. ಇವತ್ತು ಸರಿ ಇಲ್ಲ ಅಂತದೆ. ನಾಳೆ ಎಂತ ಹೇಳ್ತದೆ? ಅಕ್ಕನ ಮಗಳು ಅಂತ ನೀನೂ ಅವಳ ಕಡೆ ಸೇರ್ಕೊಂಡೆ. ಸಾಕು ಮಾರಾಯ್ತಿ. ನಾಳೆ ಆ ಹುಡುಗ ಬರ್ತಾನೆ, ಅವನೇ ಹೇಳ್ಲಿ."

ನನಗೆ ಮೈಯೆಲ್ಲ ಉರಿಯಿತು. "ಭಾವ, ನಿಮಗೆ ಗಾಳಿಯೂ ಗೊತ್ತಿಲ್ಲ, ಮಗಳೂ ಗೊತ್ತಿಲ್ಲ!" ಎಂದುಬಿಟ್ಟೆ. ಅವರಿಗೆ ಹಾಗೆಲ್ಲ ನಾನು ಎದುರುತ್ತರ ಕೊಟ್ಟವಳಲ್ಲ. ಅವರೂ ಕೆಂಡವಾದರು. ಇನ್ನೇನು ದೊಡ್ಡ ಜಗಳವೇ ಆಗಬೇಕು, ಅಷ್ಟರಲ್ಲಿ ಹುಡುಗಿ ಹೆಲ್ಮೆಟ್ ತಂದು ಅಪ್ಪನ ಮುಂದೆ ಹಿಡಿದಳು.

"ನಾಳೆ ಎಂತಕ್ಕೆ ಅಪ್ಪಯ್ಯ? ನೀನೇ ಹೋಗಿ ಬಾ. ಹೆದರಿಕೆ ಇಲ್ಲದೋರು ಹೆಂಗೆ ಓಡಿಸ್ತಾರೆ ಅಂತ ನಾನೂ ಕೇಳ್ತೀನಿ."

ಭಾವ ನನ್ನನ್ನು ನೋಡಿದರು, ಮಗಳನ್ನು ನೋಡಿದರು. ಮರ್ಯಾದೆಯ ಪ್ರಶ್ನೆ. ಹೆಲ್ಮೆಟ್ ಕಸಿದುಕೊಂಡರು. ಆ ಮೈಯನ್ನು ಆ ಸೀಟಿನಲ್ಲಿ ತುರುಕುವುದು ಸಣ್ಣ ಕೆಲಸವೇ? ನಾನೊಂದು ಭುಜ, ಅವಳೊಂದು ಭುಜ ಹಿಡಿದು ಇಳಿಸಿದೆವು. ಹೊಟ್ಟೆ ಒಳಗೆಳೆದುಕೊಂಡು ಬೆಲ್ಟ್ ಹಾಕಿಸಿಕೊಂಡರು. ಎಂಜಿನ್ ಶುರುವಾಯಿತು.

ಮೊದಲ ಸುತ್ತು ನಿಧಾನ ಹೋದರು. ಎರಡನೆಯದಕ್ಕೆ ಹಳೇ ರ‍್ಯಾಲಿಯ ಕೈ ಎಚ್ಚರವಾಯಿತು. ಕಣದ ನೇರಕ್ಕೆ ಬರುವಾಗ ಎಂಜಿನ್ ಕಿರುಚುತ್ತಿತ್ತು. ನಮ್ಮ ಮುಂದೆ ಹಾದು, ಪಲ್ಪರ್ ಮನೆಯ ಹಿಂದೆ ಹೋದರು. ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು.

ಸದ್ದು ಕುಸಿಯಿತು. ಅದೇ ಜಾಗದಲ್ಲಿ, ಅದೇ ರೀತಿ. ಅವಳಿಗಿಂತ ಹೆಚ್ಚೇ ಕುಸಿಯಿತು.

ಕಾರು ಮೆಲ್ಲಗೆ ತಿರುಗಿ ಬಂದು ನಿಂತಿತು. ಎಳೆದು ಹೊರಗೆ ತೆಗೆದೆವು. ಭಾವನ ಮುಖದಲ್ಲಿ ರಕ್ತವಿರಲಿಲ್ಲ. ಕಣದ ಕಟ್ಟೆ ಮೇಲೆ ಕೂತು, ನೀರು ಕುಡಿದು, "ಹಿಂದೆ ಪೂರಾ ಹಗುರ ಆಗ್ತದಲ್ಲೇ ಮಾರಾಯ್ತಿ ಅದು! ಜಾರೇಬಿಡ್ತಿತ್ತು!" ಎಂದರು, ಲೋಕದಲ್ಲಿ ಮೊದಲ ಬಾರಿಗೆ ಅವರೇ ಕಂಡುಹಿಡಿದ ಹಾಗೆ.

"ಹೌದಾ ಅಪ್ಪಯ್ಯ?" ಎಂದಳು ಹುಡುಗಿ.

ಭಾವ ಫೋನು ತೆಗೆದರು. "ನಾಳೆ ಬರೋದು ಬೇಡ ಮಾರಾಯ. ಇಲ್ಲ, ಮುಂದಿನ ವಾರವೂ ಬೇಡ. ನಮ್ಮ ಕಾರಿಗೆ ಡ್ರೈವರ್ ಇದ್ದಾಳೆ," ಎಂದರು. ಕಾರಿಗೆ ನಾನಿನ್ನೂ ಕೈ ಹಚ್ಚಿರಲಿಲ್ಲ, ಅಷ್ಟರಲ್ಲೇ ಹೇಳಿದರು. ಅದಕ್ಕೆ ನಾನು ಅವರನ್ನು ಮೆಚ್ಚಿದೆ. ಸಿಟ್ಟು ಮಾತ್ರ ಪೂರ್ತಿ ಇಳಿದಿರಲಿಲ್ಲ.

ಇನ್ನು ಉಳಿದದ್ದು ನನ್ನ ಕೆಲಸ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹೊಟ್ಟೆಯ ಬಾಗಿಲಿನ ಎರಡೂ ಪಕ್ಕ, ಚಕ್ರದ ಒಳಗಡೆ, ನೆಟ್ಟಗೆ ನಿಲ್ಲುವ ಸಣ್ಣ ಹಲಗೆಗಳು ಬೇಕಿದ್ದವು. ಚಕ್ರದಿಂದ ಹೊರಳಿ ಬರುವ ಸುಳಿಯನ್ನು ಹೊರಗೆ ತಳ್ಳಿ, ಒಳ್ಳೆಯ ಗಾಳಿಯನ್ನಷ್ಟೇ ಒಳಗೆ ಬಿಡುವಂಥವು. ನಿಯಮದ ಪುಸ್ತಕವನ್ನು ಮತ್ತೊಮ್ಮೆ ತಿರುವಿ ಹಾಕಿದೆ. ಅಷ್ಟು ಎತ್ತರದ ಹಲಗೆಗೆ ಅಡ್ಡಿಯಿರಲಿಲ್ಲ. ಬಾಗಿಲಿನ ಅಗಲವನ್ನೂ ಸ್ವಲ್ಪ ಕಡಿಮೆ ಮಾಡಿದೆ. ಮುಂದಿನ ರೆಕ್ಕೆಯ ತುದಿಗೆ ಹೊರಕ್ಕೆ ಬಾಗಿದ ಅಂಚು ಕೊಟ್ಟೆ. ಹುಡುಗಿ ಶೆಡ್ಡಿನಲ್ಲಿ ನನ್ನ ಜೊತೆಗೇ ಇದ್ದಳು. ಹಲಗೆಯನ್ನು ಹಿಡಿದು ನಿಲ್ಲಿಸಿ, ಇಷ್ಟು ಓರೆ ಸಾಕಾ ಎಂದು ಕೇಳಿದರೆ, ತಿರುವಿನಲ್ಲಿ ಕಾರು ಯಾವಾಗ, ಎಷ್ಟು, ಯಾವ ಕಡೆ ಜಾರುತ್ತದೆ ಎಂದು ಸೊಂಟ ತಿರುಗಿಸಿ ತೋರಿಸುತ್ತಿದ್ದಳು. ನಾನು ಅವಳ ಸೊಂಟ ನೋಡಿ ಓರೆ ಸರಿಮಾಡಿದೆ. ಗಾಳಿಯಂತ್ರದ ಕಂಪನಿಯಲ್ಲಿ ಹೀಗೊಂದು ಅಳತೆ ಇದೆ ಎಂದು ಯಾರೂ ನನಗೆ ಕಲಿಸಿರಲಿಲ್ಲ.

ಹಲಗೆ ಕೂರಿಸಿದ ಕಾರನ್ನು ಮತ್ತೆ ಮೇಗುಂದಕ್ಕೆ ತಂದೆವು. ನೀಲಿ ಡೀಸೆಲ್ ಬಳಿದೆ. ಈ ಸಲ ಅಕ್ಕನೂ ಬಂದಿದ್ದಳು, ನಮ್ಮನೆಯವರೂ ಬಂದಿದ್ದರು. ಔಷಧಿ ಎಂಬ ಪದವನ್ನು ಯಾರೂ ಎತ್ತಬಾರದು ಎಂದು ಮೊದಲೇ ಎಚ್ಚರಿಸಿದ್ದೆ. ಹುಡುಗಿ ಬೆಲ್ಟ್ ಬಿಗಿದುಕೊಂಡು ಹೊರಟಳು. ಮೊದಲ ಸುತ್ತಿನಲ್ಲಿ ಸದ್ದು ತುಸು ಇಳಿಯಿತು, ಎದ್ದಿತು. ಎರಡನೆಯದರಲ್ಲಿ ಇನ್ನೂ ತುಸು. ಮೂರನೆಯ ಸುತ್ತಿನಲ್ಲಿ ಪಲ್ಪರ್ ಮನೆಯ ಹಿಂದಿನಿಂದ ಸದ್ದು ಒಂದೇ ಸಮನೆ ಬಂತು, ಎಲ್ಲೂ ಕುಸಿಯದೆ, ತಿರುವಿನ ಆ ಕೊನೆಯವರೆಗೆ. ನಾನು ಅಕ್ಕನ ಕೈ ಹಿಡಿದು ಕುಣಿದೇಬಿಟ್ಟೆ. ಎಸ್ಟೇಟಿನ ಆಳುಗಳು ನಮ್ಮನ್ನು ನೋಡಿ ನಕ್ಕರು. ನಗಲಿ!

ಕಾರು ಬಂದು ನಿಂತಾಗ ಗೆರೆ ನೋಡಲು ಓಡಿದವಳು ನಾನೊಬ್ಬಳೇ. ಚಕ್ರದ ಹಿಂದಿನ ಗಂಟೆಲ್ಲ ಹಲಗೆಯ ಹೊರಗೆ ಸರಿದು ಹೋಗಿತ್ತು. ಭಾವ ಮಗಳ ಹತ್ತಿರ ಹೋದರು. ಅವಳು ಹೆಲ್ಮೆಟ್ ತೆಗೆದಳು. ಹಣೆಯ ಮೇಲೆ ಕೂದಲು ಬೆವರಿಗೆ ಅಂಟಿತ್ತು. ಭಾವ ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು.

"ನಾನು ಬಾಯಿಗೆ ಬಂದಂಗೆ ಅಂದೆ ಕೂಸೆ," ಎಂದರು. "ಹೆದರಿಕೆ ಅಂತ ಅನ್ನಬಾರದಿತ್ತು. ನೀನು ಹೆದರೋಳಲ್ಲ, ನಂಗೆ ಗೊತ್ತು."

ಹುಡುಗಿ ಅಪ್ಪನನ್ನೇ ನೋಡಿದಳು.

"ಹೆದರಿಕೆ ಇತ್ತು ಅಪ್ಪಯ್ಯ. ಪ್ರತಿ ಸುತ್ತಿಗೂ ಇತ್ತು. ಹಂಗಂತ ಹೇಳಿದ್ರೆ ನೀನು ಸೀಟಿಂದ ಇಳಿಸ್ತಿದ್ದೆ ಅಲ್ದಾ?"

ಹೌದು, ಭಾವ ಇಳಿಸುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಅಲ್ಲಿದ್ದ ನಮ್ಮೆಲ್ಲರಿಗೂ ಗೊತ್ತಿತ್ತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಣ್ಣ ಒರೆಸಲು ಹಿಡಿದ ಬಟ್ಟೆ ನನ್ನ ಕೈಯಲ್ಲಿ ಹಾಗೇ ಉಳಿಯಿತು.

ಭಾವ ಎದ್ದು, ಅವಳ ಹೆಗಲ ಮೇಲಿನ ಬೆಲ್ಟನ್ನು ಎಳೆದು ನೋಡಿದರು. ಬಿಗಿಯಾಗಿಯೇ ಇತ್ತು. ಆದರೂ ಇನ್ನೊಮ್ಮೆ ಎಳೆದು ಬಿಗಿ ಮಾಡಿದರು.

"ಈಗ ಹೆದರಿಕೆ ಇದೆಯಾ?" ಎಂದು ಕೇಳಿದರು.

"ಈಗ ಇಲ್ಲ."

"ಇದ್ರೆ ಹೇಳು. ಹೇಳಿದ್ರೂ ಸೀಟು ನಿಂದೇ."

ಅವಳು ತಲೆಯಾಡಿಸಿ ಹೆಲ್ಮೆಟ್ ಹಾಕಿಕೊಂಡಳು. ನಾವೆಲ್ಲ ದಾರಿ ಬಿಟ್ಟು ಹಿಂದೆ ಸರಿದು ನಿಂತೆವು.